ಕೋರ್ಟಿನಿಂದ ಬಂದ ಹಣ: ಯಾವುದಕ್ಕೆ ಆದಾಯ ತೆರಿಗೆ, ಯಾವುದಕ್ಕಿಲ್ಲ

ಭೂಸ್ವಾಧೀನದ ಹೆಚ್ಚುವರಿ ಪರಿಹಾರವೋ, ಅಪಘಾತದ ಪರಿಹಾರವೋ, ವಿಭಾಗ ದಾವೆಯ ರಾಜಿಯಲ್ಲಿ ಒಪ್ಪಿಕೊಂಡ ಮೊತ್ತವೋ ಖಾತೆಗೆ ಜಮೆಯಾದ ಮೇಲೆ ಹಾಸನದ ಕಡೆಯ ಜನ ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ‘ಕೋರ್ಟೇ ಕೊಡಿಸಿದ ದುಡ್ಡು, ಇದಕ್ಕೆಂಥ ತೆರಿಗೆ’ ಎಂಬುದು ಒಂದು. ‘ಟಿಡಿಎಸ್ ಹಿಡಿದುಕೊಂಡೇ ಕೊಟ್ಟಿದ್ದಾರೆ, ಅಲ್ಲಿಗೆ ಲೆಕ್ಕ ಚುಕ್ತಾ’ ಎಂಬುದು ಇನ್ನೊಂದು (ಟಿಡಿಎಸ್ ಎಂದರೆ ಹಣ ಕೊಡುವವರೇ ಮುಂಚಿತವಾಗಿ ಹಿಡಿದುಕೊಳ್ಳುವ ತೆರಿಗೆ). ಎರಡೂ ತಪ್ಪು. ಮೊದಲನೆಯದನ್ನು ನಂಬಿದವರಿಗೆ ಒಂದೆರಡು ವರ್ಷಗಳ ನಂತರ ನೋಟಿಸು ಬರುತ್ತದೆ; ಎರಡನೆಯದನ್ನು ನಂಬಿದವರು ತಮಗೆ ನ್ಯಾಯವಾಗಿ ವಾಪಸು ಬರಬೇಕಾದ ಹಣವನ್ನು ಕೇಳದೆಯೇ ಬಿಟ್ಟುಬಿಡುತ್ತಾರೆ. ಈ ಎರಡನೆಯ ನಷ್ಟ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಬಗ್ಗೆ ಮಾತಾಡುವವರೂ ಕಡಿಮೆ.

ಆದಾಯ ತೆರಿಗೆ ಕಾನೂನಿನಲ್ಲಿ ‘ನ್ಯಾಯಾಲಯದಿಂದ ಬಂದ ಹಣ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ತೀರ್ಪಾಗಲಿ, ಲೋಕ ಅದಾಲತ್ತಿನ ರಾಜಿಯಾಗಲಿ, ಹಣಕ್ಕೆ ಹೊಸ ಸ್ವಭಾವವನ್ನೇನೂ ಕೊಡುವುದಿಲ್ಲ. ಆ ಹಣ ಯಾವುದರ ಬದಲಿಗೆ ಬಂತು ಎಂಬುದನ್ನಷ್ಟೇ ಕಾನೂನು ಕೇಳುತ್ತದೆ. ಸಂಬಳದ ಬದಲಿಗೆ ಬಂದದ್ದು ಸಂಬಳವೇ. ವ್ಯಾಪಾರದಲ್ಲಿ ತಪ್ಪಿಹೋದ ಲಾಭದ ಬದಲಿಗೆ ಬಂದದ್ದು ಲಾಭವೇ. ಜಮೀನಿನ ಬದಲಿಗೆ ಬಂದದ್ದು ಜಮೀನಿನ ಬೆಲೆ. ಅಪಘಾತದಲ್ಲಿ ಹೋದ ಕಾಲಿನ ಬದಲಿಗೆ ಬಂದದ್ದು ಆದಾಯವೇ ಅಲ್ಲ. ಇವೆಲ್ಲವೂ ತಡವಾಗಿ ಸಿಕ್ಕಿದ್ದಕ್ಕೆಂದು ಮೇಲೆ ಸೇರಿಸಿ ಕೊಡುವುದು ಬಡ್ಡಿ; ಒಂದೇ ಆದೇಶದಲ್ಲಿ, ಒಂದೇ ಚೆಕ್ಕಿನಲ್ಲಿ ಬಂದರೂ ಅದರ ಲೆಕ್ಕ ಬೇರೆ. ಆದ್ದರಿಂದ ಹಣ ಬಂದ ಕೂಡಲೇ ಮಾಡಬೇಕಾದ ಕೆಲಸವೆಂದರೆ ಮೊತ್ತವನ್ನು ಅದರ ಭಾಗಗಳಾಗಿ ಬಿಡಿಸಿಕೊಳ್ಳುವುದು.

ಇಲ್ಲಿ ಉಲ್ಲೇಖಿಸುವ ಸೆಕ್ಷನ್‌ಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 2025ರ ಹೊಸ ಕಾಯ್ದೆ ಜಾರಿಗೆ ಬರುವುದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ; 2026ರ ಮಾರ್ಚ್ 31ರವರೆಗೆ ಕೈಸೇರಿದ ಮೊತ್ತಗಳಿಗೆ ಹಳೆಯ ಕಾಯ್ದೆಯೇ ಅನ್ವಯ.

ನಮ್ಮ ಭಾಗದಲ್ಲಿ ಹೆಚ್ಚು ಜನರನ್ನು ತಟ್ಟುವುದು ಭೂಸ್ವಾಧೀನ. ಗೊರೂರಿನ ಹೇಮಾವತಿ ಜಲಾಶಯ ಮತ್ತು ಅದರ ನಾಲೆಗಳು, ಸಕಲೇಶಪುರದ ಕಡೆಯ ಎತ್ತಿನಹೊಳೆ ಯೋಜನೆ, ತರೀಕೆರೆ, ಅಜ್ಜಂಪುರದ ಕಡೆಯ ಭದ್ರಾ ಮೇಲ್ದಂಡೆ, ಬೆಂಗಳೂರು–ಮಂಗಳೂರು ನಡುವಿನ 75ನೇ ರಾಷ್ಟ್ರೀಯ ಹೆದ್ದಾರಿ, ಹೀಗೆ ಒಂದಲ್ಲ ಒಂದಕ್ಕೆ ಗದ್ದೆ, ತೋಟ, ಮನೆ ಬಿಟ್ಟುಕೊಟ್ಟ ಕುಟುಂಬಗಳು ಪ್ರತಿ ಹೋಬಳಿಯಲ್ಲೂ ಇವೆ. ಇವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಹೋದ ಜಮೀನು ತೆರಿಗೆ ಕಾನೂನಿನ ಕಣ್ಣಿನಲ್ಲಿ ‘ಬಂಡವಾಳ ಆಸ್ತಿ’ (ಕೈಬಿಟ್ಟಾಗ ಬಂದ ಲಾಭಕ್ಕೆ ತೆರಿಗೆ ಬೀಳುವ ಆಸ್ತಿ) ಹೌದೇ ಅಲ್ಲವೇ ಎಂಬುದು. ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ. ಅದು ಸ್ವಾಧೀನವಾದರೂ ಮಾರಾಟವಾದರೂ ಬಂಡವಾಳ ಲಾಭದ ತೆರಿಗೆ ಹುಟ್ಟುವುದಿಲ್ಲ. ಗ್ರಾಮೀಣ ಎಂದರೆ ಯಾವುದು ಎಂಬುದನ್ನು ಊರಿನ ನೋಟವಾಗಲಿ ಗ್ರಾಮ ಪಂಚಾಯಿತಿಯ ಬೋರ್ಡಾಗಲಿ ಹೇಳುವುದಿಲ್ಲ. ಹತ್ತಿರದ ಪಟ್ಟಣದ ಗಡಿಯಿಂದ ಇರುವ ದೂರ ಹೇಳುತ್ತದೆ. ಪಟ್ಟಣದ ಜನಸಂಖ್ಯೆ 10 ಸಾವಿರಕ್ಕಿಂತ ಹೆಚ್ಚಾಗಿದ್ದು 1 ಲಕ್ಷ ಮೀರದಿದ್ದರೆ ಗಡಿಯಿಂದ 2 ಕಿ.ಮೀ., 1 ಲಕ್ಷದಿಂದ 10 ಲಕ್ಷದವರೆಗೆ ಇದ್ದರೆ 6 ಕಿ.ಮೀ., ಅದಕ್ಕೂ ಮೀರಿದ್ದರೆ 8 ಕಿ.ಮೀ. ದಾಟಿರಬೇಕು. 2011ರ ಜನಗಣತಿಯಲ್ಲಿ ಹಾಸನ ಮತ್ತು ಚಿಕ್ಕಮಗಳೂರು ನಗರಗಳೆರಡೂ 1 ಲಕ್ಷವನ್ನು ದಾಟಿವೆಯಾದ್ದರಿಂದ ಇವುಗಳ ಸುತ್ತ 6 ಕಿ.ಮೀ. ಲೆಕ್ಕ, ಸಕಲೇಶಪುರ, ಬೇಲೂರು, ಅರಸೀಕೆರೆ, ಚನ್ನರಾಯಪಟ್ಟಣಗಳ ಸುತ್ತ 2 ಕಿ.ಮೀ. ಈ ದೂರವನ್ನು ರಸ್ತೆಯ ಮೇಲೆ ಅಳೆಯುವಂತಿಲ್ಲ, ನೇರವಾಗಿ ಆಕಾಶಮಾರ್ಗದಲ್ಲಿ ಅಳೆಯಬೇಕು. ಬಯಲುಸೀಮೆಯಲ್ಲಿ ಇದರಿಂದ ದೊಡ್ಡ ವ್ಯತ್ಯಾಸವಾಗಲಿಕ್ಕಿಲ್ಲ. ಆದರೆ ಮಲೆನಾಡಿನಲ್ಲಿ ಗುಡ್ಡ ಸುತ್ತಿ ಹೋಗುವ ದಾರಿ ಎಂಟೊಂಬತ್ತು ಕಿ.ಮೀ. ಇದ್ದರೂ ನೇರ ಅಂತರ ಐದೇ ಇರಬಹುದು. ‘ನಮ್ಮದು ಹಳ್ಳಿ, ಪೇಟೆಯಿಂದ ಬಹಳ ದೂರ’ ಎಂದುಕೊಂಡಿದ್ದ ತೋಟ ಹಾಗೆ ನಗರ ವ್ಯಾಪ್ತಿಯೊಳಗೆ ಬಂದುಬಿಡುತ್ತದೆ.

ಹಾಗೆ ಒಳಗೆ ಬಂದರೂ ಗಾಬರಿಯಾಗಬೇಕಿಲ್ಲ. ನಗರ ವ್ಯಾಪ್ತಿಯ ಕೃಷಿ ಜಮೀನು ಕಡ್ಡಾಯವಾಗಿ ಸ್ವಾಧೀನವಾದಾಗ, ಅದಕ್ಕೆ ಹಿಂದಿನ ಎರಡು ವರ್ಷ ಮಾಲೀಕರು ಅಥವಾ ಅವರ ತಂದೆತಾಯಿ ಅದರಲ್ಲಿ ಕೃಷಿ ಮಾಡಿದ್ದರೆ, 10(37)ನೇ ಸೆಕ್ಷನ್ ಪ್ರಕಾರ ಆ ಬಂಡವಾಳ ಲಾಭಕ್ಕೆ ವಿನಾಯಿತಿ ಇದೆ. ಇದು ವ್ಯಕ್ತಿಗಳಿಗೂ ಹಿಂದೂ ಅವಿಭಕ್ತ ಕುಟುಂಬಗಳಿಗೂ ಮಾತ್ರ ಸಿಗುವಂಥದ್ದು. ಇದನ್ನು ಸಾಬೀತುಪಡಿಸುವುದು ಪಹಣಿಯ ಬೆಳೆ ಕಾಲಂ. ಅಲ್ಲಿ ಎರಡು ವರ್ಷ ಪಾಳು ಎಂದು ನಮೂದಾಗಿದ್ದರೆ ಹೊಲದಲ್ಲಿ ನಿಜವಾಗಿ ರಾಗಿ ಬೆಳೆದಿದ್ದರೂ ವಾದ ಕಷ್ಟವಾಗುತ್ತದೆ; ಸ್ವಾಧೀನದ ಅಧಿಸೂಚನೆ ಹೊರಬಿದ್ದ ಕೂಡಲೇ ಪಹಣಿ ತೆಗೆಸಿ ನೋಡುವುದು ಅದಕ್ಕಾಗಿ ಅಗತ್ಯ.

ಇದಕ್ಕಿಂತ ವಿಶಾಲವಾದ ವಿನಾಯಿತಿ ಇರುವುದು 2013ರ ಭೂಸ್ವಾಧೀನ ಕಾಯ್ದೆಯಲ್ಲಿ. ಅದರ 96ನೇ ಸೆಕ್ಷನ್, ಆ ಕಾಯ್ದೆಯಡಿ ಆದ ಐತೀರ್ಪು (ಅವಾರ್ಡ್) ಅಥವಾ ಒಪ್ಪಂದದ ಮೇಲೆ ಆದಾಯ ತೆರಿಗೆ ವಿಧಿಸುವಂತಿಲ್ಲ ಎನ್ನುತ್ತದೆ. ಖಾಸಗಿಯವರು ನೇರವಾಗಿ ಖರೀದಿಸುವುದಕ್ಕೆ ಸಂಬಂಧಿಸಿದ 46ನೇ ಸೆಕ್ಷನ್ ಮಾತ್ರ ಇದಕ್ಕೆ ಹೊರತು. ಇಲ್ಲಿ ಕೃಷಿ ಜಮೀನು, ನಿವೇಶನ ಎಂಬ ಭೇದವಿಲ್ಲ. ಆದಾಯ ತೆರಿಗೆ ಕಾಯ್ದೆಯಲ್ಲಿ ಇದಕ್ಕೆ ಸರಿಹೊಂದುವ ಸೆಕ್ಷನ್ ಇರದಿದ್ದರೂ ವಿನಾಯಿತಿ ಸಿಗುತ್ತದೆ ಎಂದು ಕೇಂದ್ರ ನೇರ ತೆರಿಗೆ ಮಂಡಳಿಯೇ 2016ರ ಅಕ್ಟೋಬರ್ 25ರ 36ನೇ ಸುತ್ತೋಲೆಯಲ್ಲಿ ಒಪ್ಪಿಕೊಂಡಿದೆ. ಆದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂಥ ಬೇರೆ ಕಾಯ್ದೆಯಡಿ ಜಮೀನು ಹೋಗಿದ್ದರೆ 96ನೇ ಸೆಕ್ಷನ್ ಅನ್ವಯಿಸುತ್ತದೆಯೇ ಎಂಬುದು ವಿವಾದದ ವಿಷಯ. ಹಾಗಾಗಿ ಐತೀರ್ಪಿನ ಪ್ರತಿಯಲ್ಲಿ ಮೊತ್ತವನ್ನು ನೋಡುವ ಮೊದಲು ಅದು ಯಾವ ಕಾಯ್ದೆಯಡಿ ಬಂದಿದೆ ಎಂಬ ಮೊದಲ ಸಾಲನ್ನು ಓದಬೇಕು.

ಈ ಮೂರೂ ವಿನಾಯಿತಿಗಳಿಗೆ ಸಿಗದ ನಿವೇಶನ, ಅಂಗಡಿ, ಪರಿವರ್ತಿತ ಜಮೀನುಗಳಿಗೆ ಮಾತ್ರ ಬಂಡವಾಳ ಲಾಭದ ತೆರಿಗೆ ಉಳಿಯುತ್ತದೆ. ಮೂಲ ಪರಿಹಾರದ ಮೇಲಿನ ಲಾಭ ಅದರ ಮೊದಲ ಕಂತು ಕೈಸೇರಿದ ವರ್ಷದ ಆದಾಯ. ನ್ಯಾಯಾಲಯ ಹೆಚ್ಚಿಸಿದ ಮೊತ್ತ ಅದು ಸಿಕ್ಕ ವರ್ಷದ ಆದಾಯ. ಹೆಚ್ಚುವರಿ ಪರಿಹಾರಕ್ಕೆ ಖರೀದಿ ವೆಚ್ಚವನ್ನು ಸೊನ್ನೆ ಎಂದೇ ಹಿಡಿಯುತ್ತಾರೆ, ಏಕೆಂದರೆ ಆ ವೆಚ್ಚವನ್ನು ಮೂಲ ಪರಿಹಾರದಲ್ಲಿ ಒಮ್ಮೆ ಕಳೆದಾಗಿದೆ. ಸರ್ಕಾರ ಮೇಲ್ಮನವಿ ಹೋದಾಗ ನ್ಯಾಯಾಲಯದ ಮಧ್ಯಂತರ ಆದೇಶದ ಮೇರೆಗೆ ಪಡೆದ ಹಣಕ್ಕೆ ತೆರಿಗೆ ಬರುವುದು ಅಂತಿಮ ಆದೇಶವಾದ ವರ್ಷದಲ್ಲಿ. 2014ರಲ್ಲಿ ಸೇರಿಸಿದ ಈ ನಿಯಮ ನ್ಯಾಯವಾದದ್ದು, ಏಕೆಂದರೆ ನಾಳೆ ಹಿಂತಿರುಗಿಸಬೇಕಾಗಬಹುದಾದ ಹಣಕ್ಕೆ ಇಂದು ತೆರಿಗೆ ಕೇಳುವುದರಲ್ಲಿ ಅರ್ಥವಿಲ್ಲ. ಲಾಭವನ್ನು ನಿಗದಿತ ಬಾಂಡ್‌ಗಳಲ್ಲಿ 6 ತಿಂಗಳೊಳಗೆ, 50 ಲಕ್ಷ ರೂಪಾಯಿಯ ಮಿತಿಯಲ್ಲಿ ತೊಡಗಿಸಿದರೆ ದೀರ್ಘಾವಧಿ ಲಾಭದ ಅಷ್ಟು ಭಾಗಕ್ಕೆ ತೆರಿಗೆ ಕಟ್ಟಬೇಕಿಲ್ಲ; ಕಡ್ಡಾಯ ಸ್ವಾಧೀನದಲ್ಲಿ ಈ ಅವಧಿಯನ್ನು ಜಮೀನು ಹೋದ ದಿನದಿಂದ ಎಣಿಸುವುದಿಲ್ಲ, ಪರಿಹಾರ ಸಿಕ್ಕ ದಿನದಿಂದ ಎಣಿಸುತ್ತಾರೆ.

ಇನ್ನು ಬಡ್ಡಿಯ ಮಾತು. ಭೂಸ್ವಾಧೀನದ ಪ್ರಕರಣಗಳಲ್ಲಿ ಬಡ್ಡಿ ಅಸಲನ್ನೇ ಮೀರಿಸುವುದು ಅಪರೂಪವಲ್ಲ, ಏಕೆಂದರೆ ಅದರ ದರ ಮೊದಲ ವರ್ಷಕ್ಕೆ ಶೇ 9, ಆಮೇಲೆ ಪ್ರತಿ ವರ್ಷಕ್ಕೆ ಶೇ 15. ಆಲೂರು ತಾಲ್ಲೂಕಿನ ಒಬ್ಬ ರೈತರಿಗೆ ಗ್ರಾಮೀಣ ಕೃಷಿ ಜಮೀನಿಗೆ ನ್ಯಾಯಾಲಯ 20 ಲಕ್ಷ ರೂಪಾಯಿ ಹೆಚ್ಚುವರಿ ಪರಿಹಾರ ಕೊಡಿಸಿತು, ಬಡ್ಡಿಯ ಅವಧಿ 6 ವರ್ಷ ಎಂದಿಟ್ಟುಕೊಳ್ಳೋಣ. ಮೊದಲ ವರ್ಷಕ್ಕೆ 1.80 ಲಕ್ಷ, ಮುಂದಿನ 5 ವರ್ಷಕ್ಕೆ 15 ಲಕ್ಷ, ಒಟ್ಟು ಬಡ್ಡಿ 16.80 ಲಕ್ಷ. ಅಸಲು 20 ಲಕ್ಷಕ್ಕೆ ತೆರಿಗೆ ಇಲ್ಲ. ಆದರೆ ಬಡ್ಡಿಯನ್ನು 2010ರಿಂದ ಜಾರಿಯಲ್ಲಿರುವ ನಿಯಮದಂತೆ ಅದು ಕೈಸೇರಿದ ವರ್ಷದ ‘ಇತರ ಮೂಲಗಳ ಆದಾಯ’ ಎಂದು ಪರಿಗಣಿಸಿ, ಅದರಲ್ಲಿ ಶೇ 50ರಷ್ಟನ್ನು ಕಳೆದು ಉಳಿದರ್ಧಕ್ಕೆ ತೆರಿಗೆ ಹಾಕುತ್ತಾರೆ. ಅದಕ್ಕೂ ಮೊದಲು ಬಡ್ಡಿಯನ್ನು ಸಂಬಂಧಪಟ್ಟ ವರ್ಷಗಳಿಗೆ ಹಂಚಿಕೊಳ್ಳಲು ಅವಕಾಶವಿತ್ತು, ಈಗ ಇಲ್ಲ. ಹಾಗಾಗಿ ಈ ರೈತರ ತೆರಿಗೆಗೆ ಒಳಪಡುವ ಮೊತ್ತ 8.40 ಲಕ್ಷ. ಕೊಡುವವರು ಬಡ್ಡಿ ಪೂರ್ತಿಯ ಮೇಲೆ ಶೇ 10ರಂತೆ 1.68 ಲಕ್ಷ ಟಿಡಿಎಸ್ ಹಿಡಿದಿರುತ್ತಾರೆ. ಪ್ಯಾನ್ ಕೊಡದಿದ್ದರೆ ಅದು ಶೇ 20 ಆಗುತ್ತದೆ. 2025–26ನೇ ಆರ್ಥಿಕ ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯಡಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಬೇರೆ ಆದಾಯವಿಲ್ಲದ ಪಕ್ಷದಲ್ಲಿ ಈ ರೈತರು ಕಟ್ಟಬೇಕಾದ ತೆರಿಗೆ ಸೊನ್ನೆ. 1.68 ಲಕ್ಷವೂ ಅವರದ್ದೇ ಹಣ. ರಿಟರ್ನ್ ಸಲ್ಲಿಸಿದರೆ ಮಾತ್ರ ವಾಪಸು ಬರುತ್ತದೆ.

ಇದೇ ಪ್ರಕರಣ 14 ವರ್ಷ ಎಳೆದಿದ್ದರೆ ಬಡ್ಡಿ 40.80 ಲಕ್ಷ, ತೆರಿಗೆಗೆ ಒಳಪಡುವುದು 20.40 ಲಕ್ಷ, ಸೆಸ್ ಸೇರಿ ತೆರಿಗೆ 2,18,400 ರೂಪಾಯಿ, ಹಿಡಿದ ಟಿಡಿಎಸ್ 4.08 ಲಕ್ಷ, ಅಲ್ಲಿಯೂ 1,89,600 ರೂಪಾಯಿ ವಾಪಸಾಗಬೇಕು. ಕಾಫಿ, ಮೆಣಸು, ಅಡಿಕೆಯ ಆದಾಯ ಚೆನ್ನಾಗಿರುವವರಿಗೆ ಈ ಲೆಕ್ಕ ಸ್ವಲ್ಪ ಏರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಾದರೂ ಉಳಿದ ಆದಾಯದ ದರವನ್ನು ನಿಗದಿ ಮಾಡುವಾಗ ಅದನ್ನು ಸೇರಿಸಿ ನೋಡುತ್ತಾರೆ.

ಬಡ್ಡಿಯ ವಿಷಯದಲ್ಲಿ ಇನ್ನೂ ಬಗೆಹರಿಯದ ಒಂದು ತಕರಾರಿದೆ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ 28ನೇ ಸೆಕ್ಷನ್ನಿನ ಬಡ್ಡಿ ಮತ್ತು 34ನೇ ಸೆಕ್ಷನ್ನಿನ ಬಡ್ಡಿ ಎಂದು ಎರಡಿವೆ. ಮೊದಲನೆಯದು ನ್ಯಾಯಾಲಯ ಹೆಚ್ಚಿಸಿದ ಪರಿಹಾರದ ಮೇಲೆ ಕೊಡಿಸುವುದು. ಎರಡನೆಯದು ಅಧಿಕಾರಿಗಳು ಹಣ ಕೊಡಲು ತಡಮಾಡಿದ್ದಕ್ಕೆ. 28ನೇ ಸೆಕ್ಷನ್ನಿನ ಬಡ್ಡಿ ಹೆಸರಿಗೆ ಬಡ್ಡಿಯಾದರೂ ಪರಿಹಾರದ್ದೇ ಭಾಗ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಘನಶ್ಯಾಮ್ ಪ್ರಕರಣದಲ್ಲಿ ಹೇಳಿತು. ಆ ಮಾತಿನಂತೆ ನಡೆದರೆ ಗ್ರಾಮೀಣ ಕೃಷಿ ಜಮೀನಿನ ಇಂಥ ಬಡ್ಡಿಗೆ ತೆರಿಗೆಯೇ ಇರುವುದಿಲ್ಲ. ಶೇ 50ರ ನಿಯಮ ಬಂದದ್ದು ಅದರ ಬೆನ್ನಿಗೆ. ನಿಯಮ ಬಂದ ಮೇಲೂ ಘನಶ್ಯಾಮ್ ತೀರ್ಪು ಉಳಿದಿದೆ ಎಂದು ಗುಜರಾತ್ ಹೈಕೋರ್ಟ್ 2016ರಲ್ಲಿ ಹೇಳಿದೆ; ಉಳಿದಿಲ್ಲ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2020ರಲ್ಲಿ ಹೇಳಿದೆ. ಮೊತ್ತ ದೊಡ್ಡದಿದ್ದರೆ ಈ ವಾದವನ್ನು ಮುಂದಿಡುವುದೋ ಅರ್ಧಕ್ಕೆ ತೆರಿಗೆ ಕಟ್ಟಿ ನೆಮ್ಮದಿಯಾಗಿರುವುದೋ ಎಂಬುದನ್ನು ಲೆಕ್ಕಪರಿಶೋಧಕರೊಂದಿಗೆ ಕೂತು ತೀರ್ಮಾನಿಸಬೇಕು. ನನ್ನ ಅಭಿಪ್ರಾಯ ಕೇಳುವುದಾದರೆ, ವಾದ ಮಾಡುವವರೂ ಮೊತ್ತವನ್ನು ರಿಟರ್ನಿನಲ್ಲಿ ತೋರಿಸಿಯೇ ವಿನಾಯಿತಿ ಕೇಳಬೇಕು, ಮುಚ್ಚಿಡಬಾರದು. ಟಿಡಿಎಸ್ ಆದ ಮೊತ್ತವಂತೂ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಹೇಗೂ ಕಾಣುತ್ತಿರುತ್ತದೆ. ಎರಡು ಸೆಕ್ಷನ್‌ಗಳ ಬಡ್ಡಿಯನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕಪಟ್ಟಿಯನ್ನು ಅಮಲ್ಜಾರಿ ಅರ್ಜಿಯ (ತೀರ್ಪಿನ ಹಣ ವಸೂಲಿಗೆ ಹಾಕುವ ಅರ್ಜಿ) ಹಂತದಲ್ಲೇ ವಕೀಲರಿಂದ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಗಡುವಿನೊಳಗೆ ರಿಟರ್ನ್ ಹಾಕದೆ ಟಿಡಿಎಸ್ ಹಣ ಹೋಯಿತು ಎಂದುಕೊಂಡವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ವಿಳಂಬವನ್ನು ಮನ್ನಿಸಿ ಮರುಪಾವತಿ ಕೊಡಿ ಎಂದು 119(2)(ಬಿ) ಸೆಕ್ಷನ್ನಿನಡಿ ಅರ್ಜಿ ಹಾಕಬಹುದು; 2024ರ ಅಕ್ಟೋಬರ್ 1ರಿಂದ ಇದಕ್ಕಿರುವ ಮಿತಿ ಆ ಕರನಿರ್ಧಾರಣೆ ವರ್ಷ (ಹಣ ಬಂದ ಆರ್ಥಿಕ ವರ್ಷದ ಮುಂದಿನ ವರ್ಷ) ಮುಗಿದ ಮೇಲೆ 5 ವರ್ಷ. ಜಂಟಿ ಖಾತೆಯ ಜಮೀನಿನ ಹಣವೆಲ್ಲ ಹಿರಿಯಣ್ಣನ ಪ್ಯಾನ್‌ಗೆ ಹೋಗಿ, ತಮ್ಮಂದಿರು ತಂಗಿಯರು ಹಂಚಿಕೊಂಡಿದ್ದರೆ, ಅವರವರ ಪಾಲನ್ನು ಅವರವರ ಹೆಸರಿನಲ್ಲೇ ತೋರಿಸಿಕೊಳ್ಳುವುದಕ್ಕೂ ಈ ಹಂತದಲ್ಲಿ ಗಮನ ಕೊಡಬೇಕು. ಒಬ್ಬರ ತಲೆಯ ಮೇಲೆ ಎಲ್ಲ ಬಿದ್ದರೆ ದರವೂ ಏರುತ್ತದೆ, ಅಣ್ಣನಿಗೆ ನೋಟಿಸೂ ಬರುತ್ತದೆ.

ಮೋಟಾರು ಅಪಘಾತದ ಪರಿಹಾರದಲ್ಲಿ ಮೂಲ ಮಾತು ಸರಳ. ಸಾವಿಗೆ, ಅಂಗವಿಕಲತೆಗೆ, ನೋವಿಗೆ ಕೊಟ್ಟ ಪರಿಹಾರ ಆದಾಯವಲ್ಲ. ಮೃತರ ಸಂಬಳವನ್ನು ವಯಸ್ಸಿನ ಗುಣಕದಿಂದ ಗುಣಿಸಿ ಈ ಪರಿಹಾರವನ್ನು ನಿರ್ಧರಿಸುವುದರಿಂದ, ಸಂಬಳದ ಬದಲಿಗೆ ಬಂದದ್ದಲ್ಲವೇ ಎಂಬ ಸಂದೇಹ ಕೆಲವರಿಗೆ ಬರುತ್ತದೆ. ಸಂಬಳ ಇಲ್ಲಿ ಅಳತೆಗೋಲು ಮಾತ್ರ, ಹೋದದ್ದು ಜೀವ. ಅಲ್ಲದೆ 2009ರ ಸರಳಾ ವರ್ಮ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳ ಪ್ರಕಾರ ನ್ಯಾಯಮಂಡಳಿ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ತೆರಿಗೆ ಕಳೆದ ಸಂಬಳವನ್ನು. ತೆರಿಗೆಯನ್ನು ಒಮ್ಮೆ ಕಳೆದೇ ಕೊಟ್ಟದ್ದಕ್ಕೆ ಮತ್ತೆ ತೆರಿಗೆ ಕೇಳಿದರೆ ವಿಧವೆಯೊಬ್ಬರು ಅದೇ ಹೊರೆಯನ್ನು ಎರಡು ಸಲ ಹೊತ್ತಂತಾಗುತ್ತದೆ.

ಇಲ್ಲಿಯೂ ತೊಡಕಾದದ್ದು ಬಡ್ಡಿಯೇ. ವರ್ಷಕ್ಕೆ 50 ಸಾವಿರ ಮೀರಿದರೆ ವಿಮಾ ಕಂಪನಿಗಳು ಅದರ ಮೇಲೆ ಟಿಡಿಎಸ್ ಹಿಡಿಯುತ್ತ ಬಂದಿವೆ. ಕ್ಲೇಮು ಅರ್ಜಿ ಹಾಕಿದ ದಿನದಿಂದ ತೀರ್ಪಿನ ದಿನದವರೆಗಿನ ಬಡ್ಡಿ ಪರಿಹಾರದ್ದೇ ಭಾಗ, ಅದಕ್ಕೆ ತೆರಿಗೆ ಇಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಅಪಘಾತ ಪರಿಹಾರ ನ್ಯಾಯಮಂಡಳಿ ವ್ಯಕ್ತಿಗಳಿಗೆ ಕೊಡಿಸುವ ಬಡ್ಡಿಗೆ ತೆರಿಗೆ ವಿನಾಯಿತಿ ಕೊಟ್ಟು ಟಿಡಿಎಸ್ ಅನ್ನೂ ತೆಗೆದುಹಾಕುವ ಪ್ರಸ್ತಾವವನ್ನು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು 2026–27ರ ಬಜೆಟ್ ಭಾಷಣದಲ್ಲಿ ಮಂಡಿಸಿದರು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವಿದು. ಆದರೆ ಪರಿಹಾರದ ಹಣವನ್ನು ನ್ಯಾಯಮಂಡಳಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿದ ಮೇಲೆ ಆ ಠೇವಣಿಗೆ ಬರುವ ಬಡ್ಡಿ ಬೇರೆ ವಿಷಯ. ಅದು ಎಲ್ಲ ಠೇವಣಿಗಳಂತೆ ಆದಾಯವೇ. ಮಗುವಿನ ಹೆಸರಿನಲ್ಲಿ ಠೇವಣಿ ಇದ್ದರೆ ಬಡ್ಡಿಯನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸುತ್ತಾರೆ, ಮಗುವಿಗೆ ಕಾನೂನು ಹೇಳುವಷ್ಟು ಅಂಗವೈಕಲ್ಯ ಇದ್ದರೆ ಸೇರಿಸುವುದಿಲ್ಲ. ಅಪಘಾತದಲ್ಲಿ ಗಾಯಗೊಂಡ ಮಕ್ಕಳ ಪೋಷಕರು ಅಂಗವೈಕಲ್ಯದ ಪ್ರಮಾಣಪತ್ರವನ್ನು ಈ ಕಾರಣಕ್ಕೂ ಜೋಪಾನವಾಗಿಡಬೇಕು.

ಭೂಕುಸಿತ, ಪ್ರವಾಹದಂಥ ವಿಪತ್ತಿಗೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ವ್ಯಕ್ತಿಗಳಿಗೆ ಕೊಡುವ ಪರಿಹಾರಕ್ಕೆ 10(10ಬಿಸಿ) ಸೆಕ್ಷನ್ನಿನಡಿ ವಿನಾಯಿತಿ ಇದೆ. ಅದೇ ನಷ್ಟವನ್ನು ಬೇರೆಡೆ ಆದಾಯದಲ್ಲಿ ಕಳೆದುಕೊಂಡಿರಬಾರದು, ಅಷ್ಟೆ.

ಕುಟುಂಬದ ವ್ಯಾಜ್ಯಗಳಿಗೆ ಬಂದರೆ, ವಿಚ್ಛೇದನದಲ್ಲಿ ಒಂದೇ ಗಂಟಾಗಿ ಬಂದ ಜೀವನಾಂಶ ಬಂಡವಾಳ ಸ್ವರೂಪದ್ದು, ತೆರಿಗೆ ಇಲ್ಲ; ತಿಂಗಳು ತಿಂಗಳು ಬರುವುದು ಪಡೆಯುವವರ ಆದಾಯ. ಕೊಡುವವರಿಗೆ ಎರಡರಲ್ಲಿಯೂ ಯಾವ ಕಡಿತವೂ ಸಿಗುವುದಿಲ್ಲ. ವಿಭಾಗ ದಾವೆಯ ರಾಜಿ ಇದಕ್ಕಿಂತ ಸೂಕ್ಷ್ಮ. ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೇಳಿದ ಅಕ್ಕನಿಗೆ ತಮ್ಮ ಜಮೀನಿನ ಬದಲು ಹಣ ಕೊಟ್ಟು ರಾಜಿ ಮಾಡಿಕೊಂಡರೆ, ಅದು ಮೊದಲೇ ಇದ್ದ ಹಕ್ಕನ್ನು ಸರಿಹೊಂದಿಸಿಕೊಂಡದ್ದೇ ಹೊರತು ಮಾರಾಟವಲ್ಲ. ಪ್ರಾಮಾಣಿಕವಾದ ಕೌಟುಂಬಿಕ ಏರ್ಪಾಡು ‘ವರ್ಗಾವಣೆ’ ಆಗುವುದಿಲ್ಲ ಎಂಬುದನ್ನು ಕರ್ನಾಟಕ ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ಪಾಲಾಗಿ, ಖಾತೆ ಬದಲಾಗಿ, ಅಕ್ಕನ ಹೆಸರಿಗೇ ಬಂದ ನಿವೇಶನವನ್ನು ಕೆಲವು ವರ್ಷಗಳ ನಂತರ ತಮ್ಮನಿಗೆ ಹಣಕ್ಕೆ ಬಿಟ್ಟುಕೊಟ್ಟು ಅದಕ್ಕೆ ‘ಹಕ್ಕು ಬಿಡುಗಡೆ ಪತ್ರ’ ಎಂದು ಹೆಸರಿಟ್ಟರೆ, ಹೆಸರೇನೇ ಇದ್ದರೂ ಅಲ್ಲಿ ಬಂಡವಾಳ ಲಾಭದ ಪ್ರಶ್ನೆ ಏಳುತ್ತದೆ.

ಕ್ರಯದ ಕರಾರು ಮುರಿದುಬಿದ್ದ ದಾವೆಗಳಲ್ಲಿ ಮುಂಗಡಕ್ಕಿಂತ ಹೆಚ್ಚಿನ ಹಣ ಪಡೆದು ಖರೀದಿದಾರರು ಹಿಂದೆ ಸರಿಯುವುದುಂಟು. ಆಸ್ತಿಯನ್ನು ಬರೆಸಿಕೊಳ್ಳುವ ಹಕ್ಕೇ ಒಂದು ಬಂಡವಾಳ ಆಸ್ತಿ, ಅದನ್ನು ಬಿಟ್ಟುಕೊಟ್ಟು ಪಡೆದದ್ದಕ್ಕೆ ತೆರಿಗೆ ಇದೆ ಎಂದು ಬಾಂಬೆ ಹೈಕೋರ್ಟ್ ಹಿಂದೆಯೇ ಹೇಳಿದೆ. ಬರೀ ನಷ್ಟಪರಿಹಾರಕ್ಕೆ ದಾವೆ ಹೂಡುವ ಹಕ್ಕು ವರ್ಗಾವಣೆಯಾಗುವಂಥದ್ದೇ ಅಲ್ಲ, ಆದ್ದರಿಂದ ತೆರಿಗೆ ಇಲ್ಲ ಎಂದು ಗುಜರಾತ್ ಹೈಕೋರ್ಟ್. ರಾಜಿ ಅರ್ಜಿಯಲ್ಲಿ ಯಾವ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಎಂದು ಬರೆದಿದ್ದೀರಿ ಎಂಬುದು ಇಲ್ಲಿ ಬಹಳ ಮುಖ್ಯವಾಗುತ್ತದೆ. ಮಾರುವವರು ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡರೆ ಅದು 2014ರ ಏಪ್ರಿಲ್‌ನಿಂದ ನೇರವಾಗಿ ಅವರ ಆ ವರ್ಷದ ಆದಾಯ.

ಎಸ್ಟೇಟಿನ ರೈಟರ್ ಒಬ್ಬರನ್ನು ಕೆಲಸದಿಂದ ತೆಗೆದು, ಕಾರ್ಮಿಕ ನ್ಯಾಯಾಲಯದಲ್ಲಿ ಹಿಂಬಾಕಿ ವೇತನಕ್ಕೆ ಆದೇಶವಾದರೆ ಅದು ಸಂಬಳ. ಹಲವು ವರ್ಷಗಳದ್ದು ಒಟ್ಟಿಗೆ ಬಂದು ದರ ಏರಿದ್ದರೆ 89ನೇ ಸೆಕ್ಷನ್ನಿನ ಪರಿಹಾರ ಕೇಳಬಹುದು, ಅದಕ್ಕೆ ರಿಟರ್ನಿಗೆ ಮೊದಲು 10ಇ ನಮೂನೆ ಸಲ್ಲಿಸಿರಬೇಕು. ಕಾರ್ಮಿಕರ ಸಂಖ್ಯೆ ಕಡಿತಗೊಳಿಸಿ ಕೆಲಸದಿಂದ ತೆಗೆದಾಗ ಕೊಡುವ ಪರಿಹಾರಕ್ಕೆ 5 ಲಕ್ಷದ ಮಿತಿಯೊಳಗೆ ವಿನಾಯಿತಿ ಇದೆ. ಕೆಲಸದ ವೇಳೆ ಮರದಿಂದ ಬಿದ್ದು ಪೆಟ್ಟಾದದ್ದಕ್ಕೆ ಬಂದ ಪರಿಹಾರ ಅಪಘಾತದ ಪರಿಹಾರದಂತೆಯೇ ಆದಾಯವಲ್ಲ. ವ್ಯಾಪಾರದಲ್ಲಿ, ಕಾಫಿ ಕೊಳ್ಳುವವರು ಕರಾರಿನಂತೆ ಎತ್ತುವಳಿ ಮಾಡದೆ ಕೊಟ್ಟ ನಷ್ಟಪರಿಹಾರ ವ್ಯಾಪಾರದ ಆದಾಯ. ಕ್ಯೂರಿಂಗ್ ಕಾರ್ಖಾನೆಯ ಯಂತ್ರವನ್ನು ತಡವಾಗಿ ಒದಗಿಸಿದ್ದಕ್ಕೆ ಪೂರೈಕೆದಾರರು ಕೊಟ್ಟ ಮೊತ್ತ ಬಂಡವಾಳ ಸ್ವರೂಪದ್ದು ಎಂಬುದಕ್ಕೆ ಸೌರಾಷ್ಟ್ರ ಸಿಮೆಂಟ್ ಪ್ರಕರಣದ 2010ರ ಸುಪ್ರೀಂ ಕೋರ್ಟ್ ತೀರ್ಪು ಆಧಾರ.

ವಕೀಲರ ಫೀಸನ್ನು ಕಳೆಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಮತ್ತೆ ಹಣದ ಸ್ವಭಾವವನ್ನೇ ಅನುಸರಿಸುತ್ತದೆ. ವ್ಯಾಪಾರದ ವ್ಯಾಜ್ಯವಾದರೆ ಅದು ವ್ಯಾಪಾರದ ಖರ್ಚು. ಹೆಚ್ಚುವರಿ ಪರಿಹಾರಕ್ಕೆ ಬಂಡವಾಳ ಲಾಭ ಲೆಕ್ಕ ಹಾಕುವಾಗ ಆ ದಾವೆಯ ಖರ್ಚನ್ನು ಕಳೆಯಲು ನ್ಯಾಯಾಲಯಗಳು ಒಪ್ಪಿದ ಉದಾಹರಣೆಗಳಿವೆ, ರಸೀದಿ ಇರಬೇಕು. ಪರಿಹಾರದ ಮೇಲಿನ ಬಡ್ಡಿಯಲ್ಲಿ ಶೇ 50ರ ಹೊರತು ಬೇರೆ ಏನನ್ನೂ ಕಳೆಯುವಂತಿಲ್ಲ. ಹಿಂಬಾಕಿ ಸಂಬಳದಲ್ಲಿ ವಕೀಲರ ಫೀಸಿಗೆ ಜಾಗವೇ ಇಲ್ಲ. ಐದಾರು ವರ್ಷ ಅಲೆದು ಸಂಬಳ ಗೆದ್ದವರಿಗೆ ಇದು ಅನ್ಯಾಯವೆಂದೇ ನನಗೆ ತೋರುತ್ತದೆ.

ಇಷ್ಟನ್ನು ಗಮನದಲ್ಲಿಟ್ಟುಕೊಂಡರೆ ಲೋಕ ಅದಾಲತ್ತಿನಲ್ಲಿ ಸಹಿ ಹಾಕುವ ಮೊದಲು ರಾಜಿ ಅರ್ಜಿಯನ್ನು ಹೇಗೆ ಬರೆಸಬೇಕು ಎಂಬುದು ತಿಳಿಯುತ್ತದೆ. ‘ಎಲ್ಲ ಹಕ್ಕುಗಳ ಪೂರ್ಣ ಮತ್ತು ಅಂತಿಮ ಇತ್ಯರ್ಥಕ್ಕಾಗಿ 12 ಲಕ್ಷ ರೂಪಾಯಿ’ ಎಂಬ ಒಂದೇ ಸಾಲಿನ ಬದಲು, ಗಾಯಕ್ಕೆ ಇಷ್ಟು, ಬಾಕಿ ಸಂಬಳಕ್ಕೆ ಇಷ್ಟು, ಬಡ್ಡಿ ಇಷ್ಟು, ಯಾವ ದಿನದಿಂದ ಯಾವ ದಿನಕ್ಕೆ ಎಂದು ಬಿಡಿಸಿ ಬರೆಸಬೇಕು. ಆ ವಿಂಗಡಣೆ ದಾವೆಯಲ್ಲಿ ಮೊದಲಿಂದ ಕೇಳಿದ್ದಕ್ಕೆ ಹೊಂದಬೇಕು. ಸಂಬಳ ಕೇಳಿ ಹೂಡಿದ ಪ್ರಕರಣದಲ್ಲಿ ಕೊನೆಗೆ ಎಲ್ಲವನ್ನೂ ‘ಮಾನಸಿಕ ವೇದನೆಗೆ’ ಎಂದು ಬರೆಸಿದರೆ ಇಲಾಖೆ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅದಾಲತ್ತಿನ ಐತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಕರಡು ಸಿದ್ಧವಾದ ದಿನವೇ, ಸಹಿಗೆ ಮೊದಲು, ಅದನ್ನು ರಿಟರ್ನ್ ತುಂಬುವ ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಬೇಕು.